ನಮ್ಮ ಹಿರಿಯರು ಯಾರು? ಹಳೆಯ ಪಟಗಳೂ ಹಳೆಯ ಪುಸ್ತಕಗಳೂ ಕಲಿಸುವ ಪಾಠ



ಪ್ರತಿ ವರ್ಷ ಡಿಸೆಂಬರ್ 17ರಂದು ಬಲಿಪೂಜೆಯಲ್ಲಿ ಸಂತ ಮತ್ತಾಯರ ಶುಭಸಂದೇಶದ ಮೊದಲ ಹದಿನೇಳು ವಾಕ್ಯಗಳನ್ನು ಓದಲಾಗುತ್ತದೆ. ಬರೀ ಹೆಸರುಗಳು. ಇಂಥವನ ಮಗ ಇಂಥವನು ಎಂದು ಸಾಲಾಗಿ ಬರುವ ಆ ಪಟ್ಟಿಯನ್ನು ಕೇಳುತ್ತಾ ಎಷ್ಟೋ ಜನ ಆಕಳಿಸುತ್ತಾರೆ. "ಇದರಲ್ಲಿ ನಮಗೇನು ಪಾಠ, ಸ್ವಾಮಿ?" ಎಂದು ಕೇಳುವವರೂ ಇದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಲೋಕರಕ್ಷಕನ ಕಥೆಯನ್ನು ಹೇಳಲು ಹೊರಟ ಶುಭಸಂದೇಶಕಾರನು ಪವಾಡದಿಂದಾಗಲಿ ಬೋಧನೆಯಿಂದಾಗಲಿ ಆರಂಭಿಸದೆ ಒಂದು ಮನೆತನದ ಹೆಸರುಗಳಿಂದ ಏಕೆ ಆರಂಭಿಸಿದನು?

ಉತ್ತರ ಇದು: ದೇವರು ಮನುಷ್ಯನಾದಾಗ ಆಕಾಶದಿಂದ ಉದುರಲಿಲ್ಲ, ಒಂದು ಮನೆಯಲ್ಲಿ ಹುಟ್ಟಿದರು. ಆ ಮನೆಗೆ ಅಜ್ಜಂದಿರಿದ್ದರು, ಮುತ್ತಜ್ಜಂದಿರಿದ್ದರು. ಅವರಲ್ಲಿ ನೀತಿವಂತರಿದ್ದರು, ಪಾಪಿಗಳೂ ಇದ್ದರು. ದೇವರ ಕೃಪೆ ನಮ್ಮ ಬಳಿಗೆ ಬರುವುದು ಮನುಷ್ಯರ ಮೂಲಕ, ತಲೆಮಾರುಗಳ ಮೂಲಕ. ಸಂತ ಪೌಲರು ತಿಮೊಥೇಯನಿಗೆ ಬರೆಯುವಾಗ ಅವನ ವಿಶ್ವಾಸವು ಮೊದಲು ಅವನ ಅಜ್ಜಿ ಲೋವಿಯಲ್ಲಿ, ಆಮೇಲೆ ತಾಯಿ ಯೂನಿಸಳಲ್ಲಿ ನೆಲೆಸಿತ್ತೆಂದು ನೆನಪಿಸುತ್ತಾರೆ. ಹಾಗಾದರೆ ನಮಗೆ ವಿಶ್ವಾಸವನ್ನು ತಂದುಕೊಟ್ಟ ಅಜ್ಜ ಅಜ್ಜಿಯರು ಯಾರು? ಅವರ ಹೆಸರು ನಮಗೆ ಗೊತ್ತೇ? ಈ ವಾರ ಇದನ್ನು ಚಿಂತಿಸೋಣ.

ನೆನಪಿನ ನಾಡು ನಮ್ಮದು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯವರಾದ ನಮಗೆ ಹಿರಿಯರನ್ನು ನೆನೆಯುವುದು ಹೊಸ ಸಂಗತಿಯಲ್ಲ. ಹಿರೇಹಡಗಲಿಯಲ್ಲಿ ಸಿಕ್ಕಿದ ಪಲ್ಲವ ರಾಜ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟಗಳು ಸುಮಾರು ಸಾವಿರದ ಏಳುನೂರು ವರ್ಷಗಳಷ್ಟು ಹಳೆಯವು. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿಯಲ್ಲಿ ಶಾಸನಗಳಿವೆ. ಹಳ್ಳಿಯ ಅಗಸೆಯ ಬಳಿ, ಕೆರೆಯ ಏರಿಯ ಮೇಲೆ ವೀರಗಲ್ಲುಗಳು ನಿಂತಿವೆ. ದನಗಳನ್ನು ಕಾಯಲು ಹೋಗಿ ಸತ್ತವನ, ಊರನ್ನು ಉಳಿಸಲು ಹೋರಾಡಿ ಸತ್ತವನ ಆಕೃತಿ ಆ ಕಲ್ಲಿನಲ್ಲಿದೆ. ಕ್ಯಾಮೆರಾ ಬರುವ ಮುಂಚೆ ನಮ್ಮ ಜನ ಮಾಡಿಸಿದ ಪಟಗಳು ಇವೇ.

ಕಲ್ಲಿಗಿಂತ ಹೆಚ್ಚಾಗಿ ಬಾಯಿಮಾತಿನಲ್ಲಿ ಹಿರಿಯರನ್ನು ಉಳಿಸಿದವರು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತುಗಳ ಸಮೇತ ಊರೂರು ತಿರುಗುವ ಇವರು ಒಕ್ಕಲು ಮನೆಗಳ ಮುಂದೆ ನಿಂತು ಆ ಮನೆತನದ ಮೂಲ ಊರು, ಬೆಡಗು, ಯಾರ ಮಗ ಯಾರು, ಯಾವ ಊರಿಂದ ಯಾವ ಊರಿಗೆ ಬಂದರು ಎಂಬುದನ್ನು ಒಪ್ಪಿಸುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಳ್ಳುತ್ತಾರೆ. ಮನೆಯವರು ದವಸ, ಬಟ್ಟೆ, ಕೆಲವೊಮ್ಮೆ ದನವನ್ನೂ ಕಾಣಿಕೆಯಾಗಿ ಕೊಡುತ್ತಾರೆ. ಇಂದಿಗೂ ಉತ್ತರ ಕರ್ನಾಟಕದಲ್ಲಿ ಈ ವೃತ್ತಿ ಅಳಿದಿಲ್ಲ. ನಿಮ್ಮ ದಾಯಾದಿಗಳ ಮನೆಗೆ ಹೆಳವರು ಬರುವ ವಾಡಿಕೆಯಿದ್ದರೆ ಅವರ ಮಾತನ್ನು ಕೂತು ಕೇಳಿ, ಬರೆದುಕೊಳ್ಳಿ. ಇದರಲ್ಲಿ ವಿಶ್ವಾಸಕ್ಕೆ ವಿರೋಧವಾದದ್ದು ಏನೂ ಇಲ್ಲ.

ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ತಾಮ್ರಪಟದಲ್ಲಿ ರಾಜನೂ ದಾನ ಪಡೆದವರೂ ಇದ್ದಾರೆ. ವೀರಗಲ್ಲಿನಲ್ಲಿ ವೀರನಿದ್ದಾನೆ. ಹೆಳವರ ಪುಸ್ತಕದಲ್ಲಿ ಮುಖ್ಯವಾಗಿ ಹೊಲಮನೆಯುಳ್ಳವರ ಗಂಡುಮಕ್ಕಳಿದ್ದಾರೆ. ಹೊಲವಿಲ್ಲದ ಕೂಲಿಯವನು, ಜೀತಕ್ಕಿದ್ದವನು, ಊರ ಹೊರಗಿನ ಕೇರಿಯವನು, ಹೆಣ್ಣುಮಗಳು, ಹುಟ್ಟಿದ ಮೂರು ದಿನಕ್ಕೆ ಸತ್ತ ಕೂಸು, ಇವರನ್ನು ಬರೆದವರು ಯಾರು?

ಬಡವನ ಹೆಸರು ಬರೆದ ಪುಸ್ತಕ

ಇಲ್ಲಿ ನಮ್ಮ ಧರ್ಮಸಭೆಯ ಒಂದು ಹಳೆಯ ಪದ್ಧತಿಯನ್ನು ನೆನೆಯಬೇಕು. ಟ್ರೆಂಟ್ ಮಹಾಸಭೆಯು 1563ರಲ್ಲಿ ಮದುವೆಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ವಿಧಿಸಿತು. 1614ರ ರೋಮನ್ ಸಂಸ್ಕಾರ ಗ್ರಂಥವು ಜ್ಞಾನಸ್ನಾನ, ದೃಢೀಕರಣ, ಮದುವೆ, ಮರಣ ಮತ್ತು ಕುಟುಂಬಗಳ ವಿವರ ಹೀಗೆ ಐದು ಪುಸ್ತಕಗಳನ್ನು ಇಡುವ ಕ್ರಮವನ್ನು ಹೇಳಿತು. ಇಂದಿನ ಧರ್ಮಸಭೆಯ ಕಾನೂನಿನ 535ನೇ ವಿಧಿಯೂ ಪ್ರತಿ ಧರ್ಮಕೇಂದ್ರದಲ್ಲಿ ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕಗಳಿರಬೇಕು, ಹಳೆಯ ಪುಸ್ತಕಗಳನ್ನು ಜೋಪಾನವಾಗಿ ಕಾಪಾಡಬೇಕು ಎನ್ನುತ್ತದೆ.

ಇದರ ಅರ್ಥವೇನು? ಜಮೀನ್ದಾರನ ಮಗನಿಗೂ ಜೀತದವನ ಮಗಳಿಗೂ ಒಂದೇ ಪುಸ್ತಕ, ಒಂದೇ ಅಳತೆಯ ಸಾಲು. ಮಗುವಿನ ಹೆಸರು, ತಂದೆ ತಾಯಿಯರ ಹೆಸರು, ಹುಟ್ಟಿದ ದಿನ ಮತ್ತು ಊರು, ಜ್ಞಾನಸ್ನಾನದ ದಿನ ಮತ್ತು ಸ್ಥಳ, ಜ್ಞಾನ ತಂದೆ ತಾಯಿಯರು, ಸಂಸ್ಕಾರ ನೀಡಿದ ಗುರುಗಳು. ಸರ್ಕಾರದ ಯಾವ ಕಾಗದದಲ್ಲೂ ಹೆಸರಿಲ್ಲದೆ ಸತ್ತ ಎಷ್ಟೋ ಬಡವರ ಹೆಸರು ಈ ಪುಸ್ತಕಗಳಲ್ಲಿ ಮಾತ್ರ ಉಳಿದಿದೆ. ದೇವರು ನಮ್ಮ ಹೆಸರನ್ನು ತಮ್ಮ ಅಂಗೈಯಲ್ಲಿ ಕೆತ್ತಿಕೊಂಡಿದ್ದಾರೆಂದು ಪ್ರವಾದಿ ಯೆಶಾಯನ ಮೂಲಕ ಕೇಳುತ್ತೇವೆ. ಧರ್ಮಕೇಂದ್ರದ ಪುಸ್ತಕವು ಆ ಅಂಗೈಯ ಒಂದು ಸಣ್ಣ ನೆರಳು.

ಎಲ್ಲಿಂದ ಆರಂಭಿಸಬೇಕು?

ಮೊದಲು ಕಚೇರಿಗೆ ಓಡಬೇಡಿ. ಮನೆಯ ಹಿರಿಯರ ಬಳಿ ಕೂರಿ. ಇಸವಿ ಕೇಳಿದರೆ ಅವರಿಗೆ ತಿಳಿಯದು. "ಅವ್ವಾ, ನಿನ್ನ ತವರುಮನಿ ಯಾವೂರು? ನಿನ್ನ ಲಗ್ನಾದ ವರ್ಷ ಮಳಿ ಬೆಳಿ ಹೆಂಗಿತ್ತು? ಆಗ ಡ್ಯಾಮ್ ಕಟ್ಟಿದ್ದರಾ?" ಎಂದು ಕೇಳಿ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಗಿ 1953ರಲ್ಲಿ ಮುಗಿಯಿತು. ಬಳ್ಳಾರಿ ಸೀಮೆ ಮದರಾಸಿನಿಂದ ಬಿಟ್ಟು ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಇಂಥ ಗುರುತುಗಳಿಂದ ವಯಸ್ಸು ತಾನೇ ಹೊರಬರುತ್ತದೆ.

ಆಮೇಲೆ ಗೋಡೆಯ ಪಟಗಳನ್ನು ಇಳಿಸಿ ನೋಡಿ. ಹಳೆಯ ಪಟವನ್ನು ಓದುವುದಕ್ಕೆ ಸ್ವಲ್ಪ ಅಭ್ಯಾಸ ಬೇಕು.

ಪಟದ ಹಿಂಭಾಗ ನೋಡಿ. ಸ್ಟುಡಿಯೋದ ಮುದ್ರೆ, ಊರು, ತಾರೀಖು ಇರಬಹುದು. ಹಿರಿಯರ ಒಂಟಿ ಪಟವಾದರೆ ಬಟ್ಟೆಯನ್ನು ಪೂರ್ತಿ ನಂಬಬೇಡಿ. ಗುಂಪಿನ ಪಟದಿಂದ ಮುಖ ಮಾತ್ರ ದೊಡ್ಡದು ಮಾಡಿಸಿ, ಕೋಟನ್ನೂ ರುಮಾಲನ್ನೂ ಕೈಯಿಂದ ಬರೆಸುವ ಪದ್ಧತಿ ಇತ್ತು. ಕೋಟು ಸ್ಟುಡಿಯೋದವರದು, ಮುಖ ಮಾತ್ರ ಅಜ್ಜನದು. ಪಟದ ಕೆಳಗೆ ಬರೆಸಿದ ಮರಣದ ತಾರೀಖು ಮಾತ್ರ ಬಹಳ ಉಪಯುಕ್ತ.

ಗುಂಪಿನ ಪಟದಲ್ಲಿ ಯಾರು ಕುರ್ಚಿಯ ಮೇಲೆ ಕೂತಿದ್ದಾರೆ, ಯಾರು ಹಿಂದೆ ನಿಂತಿದ್ದಾರೆ, ಯಾರ ತೊಡೆಯ ಮೇಲೆ ಯಾವ ಮಗು ಇದೆ ಎಂದು ನೋಡಿ. ಧರ್ಮಾಧ್ಯಕ್ಷರು ದೃಢೀಕರಣಕ್ಕೆ ಬಂದಾಗ ತೆಗೆಸಿದ ಪಟವಾದರೆ ಮಧ್ಯದಲ್ಲಿ ಕೂತವರು ಯಾರೆಂದು ಗುರುತಿಸಿದರೆ ಕಾಲ ಗೊತ್ತಾಗುತ್ತದೆ. ಬಳ್ಳಾರಿ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 1949ರಲ್ಲಿ. ಮೊದಲ ಧರ್ಮಾಧ್ಯಕ್ಷರು ಫ್ರಾನ್ಸಿಸ್ಕನ್ ಸಭೆಯ ಜಾನ್ ಫಾರೆಸ್ಟ್ ಹೋಗನ್ ಅವರು.

ಅಂತ್ಯಕ್ರಿಯೆಯ ಪಟವನ್ನು ಅಶುಭವೆಂದು ಕೆಲವರು ಸುಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮದುವೆಗೆ ಮುನಿಸಿಕೊಂಡು ಬಾರದ ದಾಯಾದಿಗಳೂ ಸಾವಿಗೆ ಬಂದಿರುತ್ತಾರೆ. ಒಂದು ಮನೆತನದ ಎಲ್ಲ ಕವಲುಗಳೂ ಸೇರಿದ ಪಟ ಬಹುಮಟ್ಟಿಗೆ ಅದೊಂದೇ. ಕ್ರೈಸ್ತನಿಗೆ ಮರಣ ಅಶುಭವಲ್ಲ, ಪುನರುತ್ಥಾನದ ಬಾಗಿಲು.

ಪಟದ ಹಿಂದೆ ಹೆಸರು ಬರೆಯುವಾಗ ಮೆತ್ತಗಿನ ಪೆನ್ಸಿಲ್‌ನಿಂದ ಹಗುರವಾಗಿ ಬರೆಯಿರಿ. ಬಾಲ್‌ಪೆನ್ನು ಮುಂಭಾಗಕ್ಕೆ ಉಬ್ಬುತ್ತದೆ. ಅಂಟು ಹಚ್ಚಬೇಡಿ. ಒಲೆಯ ಹೊಗೆ, ಗೆದ್ದಲು, ಬಿಸಿಲು ತಗಲದಂತೆ ಇಡಿ. ಇಂದು ಮೊಬೈಲ್‌ನಲ್ಲಿ ಪ್ರತಿ ತೆಗೆಯುವುದು ಸುಲಭ. ಆದರೆ ಹಿಂಭಾಗದ ಪ್ರತಿಯನ್ನೂ ತೆಗೆಯಿರಿ, ಮೂಲವನ್ನು ಎಸೆಯಬೇಡಿ.

ದಾಖಲೆಗಳನ್ನು ಓದುವ ಬಗೆ

ಪಟ ಮುಖವನ್ನು ಕೊಡುತ್ತದೆ, ದಾಖಲೆ ಹೆಸರನ್ನು ಕೊಡುತ್ತದೆ. ಎರಡನ್ನೂ ಜೋಡಿಸಬೇಕು.

ಜ್ಞಾನಸ್ನಾನದ ದಾಖಲೆ ಇರುವುದು ಸಂಸ್ಕಾರ ನಡೆದ ಧರ್ಮಕೇಂದ್ರದಲ್ಲಿ, ನೀವು ಈಗ ವಾಸವಿರುವ ಊರಿನಲ್ಲಲ್ಲ. ನಿಮ್ಮ ಊರು ಸ್ವತಂತ್ರ ಧರ್ಮಕೇಂದ್ರವಾಗುವ ಮುಂಚಿನ ದಾಖಲೆ ತಾಯಿ ಧರ್ಮಕೇಂದ್ರದಲ್ಲಿರುತ್ತದೆ. 1928ರವರೆಗೆ ನಮ್ಮ ಸೀಮೆ ಮದರಾಸು ಮಹಾಧರ್ಮಪ್ರಾಂತ್ಯದ ಭಾಗವಾಗಿತ್ತು ಎಂಬುದನ್ನೂ ಮರೆಯಬೇಡಿ. ಗುಳೆ ಹೋಗುವ ಕುಟುಂಬಗಳ ಮಕ್ಕಳು ಕಾಫಿ ತೋಟದ ಊರಿನಲ್ಲೋ ಬೆಂಗಳೂರಿನಲ್ಲೋ ಸಂಸ್ಕಾರ ಪಡೆದಿರಬಹುದು. ಹಳೆಯ ದಾಖಲೆ ಲತೀನ್ ಭಾಷೆಯಲ್ಲಿದ್ದರೆ ಹೆದರಬೇಡಿ. ಫಿಲಿಯುಸ್ ಎಂದರೆ ಮಗ, ಫಿಲಿಯಾ ಎಂದರೆ ಮಗಳು, ಪಾತ್ರಿನುಸ್ ಮತ್ತು ಮಾತ್ರಿನಾ ಎಂದರೆ ಜ್ಞಾನ ತಂದೆ ಮತ್ತು ಜ್ಞಾನ ತಾಯಿ. ಹೊರದೇಶದ ಗುರುಗಳು ನಮ್ಮ ಹೆಸರುಗಳನ್ನು ಕಿವಿಗೆ ಬಿದ್ದಂತೆ ಬರೆದಿರುವುದರಿಂದ ಬಾಯಿಬಿಟ್ಟು ಓದಿದರೆ ಹೆಸರು ಸಿಗುತ್ತದೆ. ಅಂಚಿನಲ್ಲಿರುವ ಸಣ್ಣ ಬರಹವನ್ನು ಬಿಡಬೇಡಿ. ಮದುವೆಯ ವಿವರ ಅಲ್ಲೇ ಇರುತ್ತದೆ.

ಒಬ್ಬರಿಗೇ ಎರಡು ಹೆಸರಿರುವುದು ನಮ್ಮಲ್ಲಿ ಸಾಮಾನ್ಯ. ದೇವಾಲಯದ ಪುಸ್ತಕದಲ್ಲಿ ಅನ್ನಮ್ಮ, ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹನುಮವ್ವ. ತಂದೆ ತಾಯಿಯರ ಹೆಸರು, ಊರು, ವಯಸ್ಸು ಮೂರೂ ಕೂಡಿದರೆ ಮಾತ್ರ ಇಬ್ಬರೂ ಒಬ್ಬರೇ ಎಂದು ತೀರ್ಮಾನಿಸಿ.

ಹೊಲವಿದ್ದ ಮನೆತನವಾದರೆ ಪಹಣಿ, ಹಕ್ಕು ಬದಲಾವಣೆಯ ಪುಸ್ತಕ, ಉಪನೋಂದಣಾಧಿಕಾರಿಗಳ ಕಚೇರಿಯ ಕ್ರಯಪತ್ರಗಳು ನೆರವಾಗುತ್ತವೆ. 1963ರಲ್ಲಿ ವಂಶಪಾರಂಪರ್ಯ ಗ್ರಾಮಾಧಿಕಾರ ರದ್ದಾಗುವವರೆಗೆ ಶಾನುಭೋಗರೇ ಊರಿನ ಲೆಕ್ಕ ಬರೆಯುತ್ತಿದ್ದರು. ಹಳೆಯ ಕಾಗದಗಳಲ್ಲಿ ಫಸಲಿ ವರ್ಷ ಇರುತ್ತದೆ. ಅದಕ್ಕೆ 590 ಕೂಡಿಸಿದರೆ ಇಸವಿ ಬರುತ್ತದೆ. ಫಸಲಿ 1286 ಎಂದರೆ 1876ರ ಜುಲೈನಿಂದ 1877ರ ಜೂನ್‌ವರೆಗೆ. ಶಾಲಿವಾಹನ ಶಕೆಗೆ 78 ಕೂಡಿಸಬೇಕು. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಅದೊಂದನ್ನೇ ನಂಬಿದರೆ ಒಂದಿಡೀ ತಲೆಮಾರು ತಪ್ಪಿಹೋದೀತು.

ತಾಲ್ಲೂಕಿನ ಗಡಿಗಳೂ ಬದಲಾಗಿವೆ. 1904ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಅವರ ಬಳ್ಳಾರಿ ಗೆಝೆಟಿಯರ್ ಪ್ರಕಟವಾದಾಗ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಾಗಿದ್ದವು. ಹಗರಿಬೊಮ್ಮನಹಳ್ಳಿ, ಕೊಟ್ಟೂರು ತಾಲ್ಲೂಕುಗಳಾದದ್ದು ಬಹಳ ತಡವಾಗಿ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ಉಳಿದ ತಾಲ್ಲೂಕುಗಳೊಂದಿಗೆ ವಿಜಯನಗರ ಜಿಲ್ಲೆಗೆ ಸೇರಿತು. ಆಲೂರು, ಆದವಾನಿ, ರಾಯದುರ್ಗ ಕಡೆಯ ನೆಂಟರ ಕಾಗದಗಳು ಆಂಧ್ರದಲ್ಲಿವೆ. ಮದರಾಸು ಕಾಲದ ದೊಡ್ಡ ದಾಖಲೆಗಳು ಚೆನ್ನೈನ ತಮಿಳುನಾಡು ಪತ್ರಾಗಾರದಲ್ಲಿವೆ.

ದಾರಿ ನಿಂತುಹೋದಾಗ

ಹುಡುಕುತ್ತಾ ಹೋದಂತೆ ಕೆಲವು ಮನೆತನಗಳ ನೆನಪು 1876-78ರ ಧಾತು, ಈಶ್ವರ ಸಂವತ್ಸರಗಳ ಬರದ ಬಳಿ ಬಂದು ನಿಲ್ಲುತ್ತದೆ. 1871 ಮತ್ತು 1881ರ ಜನಗಣತಿಗಳ ನಡುವೆ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲೊಂದು ಭಾಗ ಕುಗ್ಗಿತು. ಸತ್ತವರ ಹೆಸರನ್ನು ಬರೆಯಲು ಬದುಕಿದ್ದವರಿಗೆ ಶಕ್ತಿಯಿರಲಿಲ್ಲ. ಇನ್ನು ಕೆಲವರ ಊರೇ ನೀರಿನಡಿ ಹೋಗಿದೆ. ತುಂಗಭದ್ರೆಯ ಹಿನ್ನೀರಿನಲ್ಲಿ ನಾರಾಯಣದೇವರಕೆರೆಯಂಥ ಊರುಗಳು ಮುಳುಗಿ ಜನ ಮರಿಯಮ್ಮನಹಳ್ಳಿ ಮುಂತಾದ ಕಡೆಗೆ ಬಂದು ನೆಲೆಸಿದರು. ಮುತ್ತಜ್ಜನ ಸಮಾಧಿಗೆ ಹೂವಿಡಲು ಅವರಿಗೆ ಸ್ಥಳವೇ ಉಳಿಯಲಿಲ್ಲ.

ಅಲ್ಲಿ ನಮ್ಮ ಶೋಧನೆ ಮುಗಿಯುತ್ತದೆ, ಪ್ರಾರ್ಥನೆ ಮುಗಿಯುವುದಿಲ್ಲ. ಸಿರಾಖನ ಗ್ರಂಥವು ಹೆಸರಾಂತ ಪೂರ್ವಜರನ್ನು ಹೊಗಳಿದ ಮೇಲೆ, ಯಾವ ನೆನಪೂ ಉಳಿಯದೆ ಹೋದವರನ್ನೂ ಮರೆಯದೆ ಹೇಳುತ್ತದೆ. ನವೆಂಬರ್ 2ರಂದು ನಾವು ಸಕಲ ಮೃತರಿಗಾಗಿ ಬಲಿಪೂಜೆ ಅರ್ಪಿಸುವಾಗ "ಸಕಲ" ಎಂಬ ಮಾತಿನೊಳಗೆ ಹೆಸರಿಲ್ಲದ ಈ ಹಿರಿಯರೂ ಇದ್ದಾರೆ.

ಎರಡು ನ್ಯಾಯದ ಪ್ರಶ್ನೆಗಳು

ಮನೆತನದ ಚರಿತ್ರೆ ಬರೀ ಕುತೂಹಲವಲ್ಲ. ಅದರಲ್ಲಿ ಬದುಕಿರುವವರ ನ್ಯಾಯವೂ ಅಡಗಿದೆ.

ಮೊದಲನೆಯದು ಹೆಣ್ಣುಮಕ್ಕಳದು. ತಂದೆ ತೀರಿದ ಮೇಲೆ ಪೌತಿ ಖಾತೆ ಮಾಡಿಸಲು ವಂಶವೃಕ್ಷ ಬರೆದುಕೊಡುತ್ತೇವೆ. ಆಗ ಮದುವೆಯಾಗಿ ಹೋದ ಅಕ್ಕ ತಂಗಿಯರ ಹೆಸರನ್ನು ಬಿಟ್ಟುಬಿಡುವ ಮನೆಗಳಿವೆ. "ಅವರಿಗೆ ಮದುವಿ ಮಾಡಿ ಕೊಟ್ಟೀವಲ್ಲ" ಎನ್ನುತ್ತಾರೆ. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾನೂನು ಗಂಡು ಹೆಣ್ಣು ಮಕ್ಕಳಿಗೆ ಸಮಪಾಲು ಕೊಡುತ್ತದೆ. ಅಕ್ಕ ತನ್ನ ಪಾಲನ್ನು ಸ್ವಇಚ್ಛೆಯಿಂದ ಬಿಟ್ಟುಕೊಡಬಹುದು, ಆದರೆ ಅವಳು ಹುಟ್ಟೇ ಇಲ್ಲವೆಂಬಂತೆ ಬರೆಯುವುದು ಸುಳ್ಳು ಸಾಕ್ಷಿ ಮತ್ತು ಕಳವು, ಎರಡೂ ಒಟ್ಟಿಗೆ. ಹೀಗೆ ಮಾಡಿದವರು ಪಾಪನಿವೇದನೆ ಮಾಡಿದರೆ ಸಾಲದು, ಸರಿಪಡಿಸಲೂಬೇಕು.

ಎರಡನೆಯದು ತಂದೆಯ ಹೆಸರಿಲ್ಲದವರದು. ನಮ್ಮ ಈ ತಾಲ್ಲೂಕುಗಳಲ್ಲಿ ಮುತ್ತು ಕಟ್ಟಿಸಿಕೊಂಡ ತಾಯಂದಿರ ಮಕ್ಕಳು ಶಾಲೆಯಲ್ಲಿ, ಕಚೇರಿಯಲ್ಲಿ "ತಂದೆಯ ಹೆಸರು" ಎಂಬ ಕಲಮಿನ ಮುಂದೆ ತಲೆತಗ್ಗಿಸಿ ನಿಂತಿದ್ದಾರೆ. ದೇವದಾಸಿ ಸಮರ್ಪಣೆಯನ್ನು ಕರ್ನಾಟಕ ಸರ್ಕಾರ 1982ರ ಕಾನೂನಿನಿಂದ ನಿಷೇಧಿಸಿತು. ನಿಷೇಧದಿಂದ ಆ ಅವಮಾನ ಒಮ್ಮೆಗೇ ತೊಳೆದುಹೋಗಲಿಲ್ಲ. ಧರ್ಮಸಭೆಯ ಕಾನೂನಿನ 877ನೇ ವಿಧಿಯ ಪ್ರಕಾರ ಅವಿವಾಹಿತ ತಾಯಿ ಕೇಳಿದರೆ ಅವಳ ಹೆಸರನ್ನು ಬರೆಯಬೇಕು. ತಂದೆ ಯಾರೆಂದು ರುಜುವಾತಾಗದಿದ್ದರೆ ಆ ಸ್ಥಳ ಖಾಲಿ ಇರುತ್ತದೆ. ಖಾಲಿ ಇದ್ದ ಮಾತ್ರಕ್ಕೆ ಜ್ಞಾನಸ್ನಾನ ಅರೆಯಾಗುವುದಿಲ್ಲ, ದೇವರ ಮಗು ದೇವರ ಮಗುವೇ.

ಈಗ ಮತ್ತಾಯರ ಪಟ್ಟಿಗೆ ಮರಳಿ ನೋಡಿ. ಮಾವನಿಂದ ಮಕ್ಕಳನ್ನು ಪಡೆದ ತಾಮಾರಳು, ವೇಶ್ಯೆಯಾಗಿದ್ದ ರಾಹಾಬಳು, ಪರದೇಶದ ರೂತಳು, ಊರೀಯನ ಹೆಂಡತಿ, ಇವರ ಹೆಸರನ್ನು ಅಥವಾ ಗುರುತನ್ನು ಮತ್ತಾಯರು ಮುಚ್ಚಿಡಲಿಲ್ಲ. ಯೇಸುಸ್ವಾಮಿ ನಾಚಿಕೆಪಡದ ಹಿರಿಯರ ಬಗ್ಗೆ ನಾವೇಕೆ ನಾಚಿಕೆಪಡಬೇಕು?

ಮದುವೆಗೆ ಮುಂಚೆ

ಸೋದರಮಾವನಿಗೆ ಕೊಡುವುದು, ಅತ್ತೆಯ ಮಗನಿಗೆ ಕೊಡುವುದು ನಮ್ಮ ಕಡೆ ರೂಢಿ. ಧರ್ಮಸಭೆಯ ಕಾನೂನಿನ 1091ನೇ ವಿಧಿಯಂತೆ ಅಡ್ಡಸಾಲಿನಲ್ಲಿ ನಾಲ್ಕನೇ ಹಂತದವರೆಗಿನ ರಕ್ತಸಂಬಂಧದಲ್ಲಿ ಮದುವೆ ಊರ್ಜಿತವಲ್ಲ. ಹಂತ ಎಣಿಸುವುದು ಹೀಗೆ: ಇಬ್ಬರಿಗೂ ಸಮಾನನಾದ ಹಿರಿಯನನ್ನು ಬಿಟ್ಟು ಎರಡೂ ಕಡೆಯ ಜನರನ್ನು ಎಣಿಸಿ. ಅಣ್ಣ ತಂಗಿ ಎರಡು, ಸೋದರಮಾವ ಮತ್ತು ಅಕ್ಕನ ಮಗಳು ಮೂರು, ಅತ್ತೆಯ ಮಗ ಮತ್ತು ಮಾವನ ಮಗಳು ನಾಲ್ಕು. ಮೂರು ಮತ್ತು ನಾಲ್ಕರಲ್ಲಿ ಧರ್ಮಾಧ್ಯಕ್ಷರು ತಕ್ಕ ಕಾರಣವಿದ್ದರೆ ವಿನಾಯಿತಿ ಕೊಡಬಹುದು, ಕೊಡಲೇಬೇಕೆಂದಿಲ್ಲ. ಹತ್ತಿರದ ಸಂಬಂಧದಲ್ಲಿ ಕೆಲವು ಹುಟ್ಟುಕಾಯಿಲೆಗಳ ಸಂಭವ ಹೆಚ್ಚೆಂದು ವೈದ್ಯರೂ ಎಚ್ಚರಿಸುತ್ತಾರೆ. ಚಪ್ಪರ ಹಾಕಿದ ಮೇಲೆ ಗುರುಗಳ ಬಳಿ ಬರುವ ಬದಲು, ಮಾತುಕತೆಗೆ ಮುಂಚೆಯೇ ಮೂರು ತಲೆಮಾರಿನ ವಂಶವೃಕ್ಷ ಬರೆದು ತನ್ನಿ.

ಎಚ್ಚರಿಕೆಯ ಮಾತು

ಸಂತ ಪೌಲರು ಕೊನೆಯಿಲ್ಲದ ವಂಶಾವಳಿಗಳ ಚರ್ಚೆಯಿಂದ ದೂರವಿರಬೇಕೆಂದು ತಿಮೊಥೇಯನಿಗೆ ಎಚ್ಚರಿಸಿದ್ದಾರೆ. ನಮ್ಮ ಕುಲ ದೊಡ್ಡದೆಂದು ತೋರಿಸುವುದಕ್ಕಾಗಿ ಹುಡುಕುವವನಿಗೆ ಈ ಮಾತು ಸಲ್ಲುತ್ತದೆ. ಜ್ಞಾನಸ್ನಾನದ ನೀರು ಮೇಲು ಕೀಳನ್ನು ತೊಳೆಯಿತು. ಹಳೆಯ ಪುಸ್ತಕದಿಂದ ಅದನ್ನು ಮತ್ತೆ ಎತ್ತಿ ತರಬೇಡಿ. ಮತ್ತೊಬ್ಬರ ಮನೆಯ ಗುಟ್ಟು ಕಣ್ಣಿಗೆ ಬಿದ್ದರೆ ಅದನ್ನು ಕಟ್ಟೆಯ ಮೇಲಿನ ಮಾತಾಗಿಸಬೇಡಿ. ಸತ್ಯವಾದರೂ ಕಾರಣವಿಲ್ಲದೆ ಇನ್ನೊಬ್ಬರ ಮಾನ ಕಳೆಯುವುದು ಎಂಟನೆಯ ಕಟ್ಟಳೆಗೆ ವಿರುದ್ಧವಾದ ಪಾಪ. ಧರ್ಮಕೇಂದ್ರದ ಪುಸ್ತಕಗಳನ್ನು ಗುರುಗಳ ಅನುಮತಿಯಿಂದ, ಅವರ ಸಮ್ಮುಖದಲ್ಲೇ ನೋಡಬೇಕಾದದ್ದೂ ಇದೇ ಕಾರಣಕ್ಕೆ.

ಈ ವಾರದ ಅಭ್ಯಾಸ

1. ಮನೆಯಲ್ಲಿರುವ ಅತ್ಯಂತ ಹಳೆಯ ಪಟವನ್ನು ಇಳಿಸಿ, ಹಿರಿಯರನ್ನು ಕೇಳಿ ಎಲ್ಲರ ಹೆಸರನ್ನೂ ಬರೆಯಿರಿ. ಹೆಣ್ಣುಮಕ್ಕಳ ಹೆಸರನ್ನೂ ಅವರ ತವರೂರನ್ನೂ ಬಿಡಬೇಡಿ.

2. ನಿಮ್ಮ ಮನೆತನದಲ್ಲಿ ಮೊದಲು ಜ್ಞಾನಸ್ನಾನ ಪಡೆದವರು ಯಾರು? ಅವರಿಗೆ ಜಪ ಕಲಿಸಿದ ಉಪದೇಶಿ ಯಾರು?

3. ವಂಶವೃಕ್ಷದಲ್ಲಿ ನಾವು ಬೇಕೆಂದೇ ಬಿಟ್ಟ ಹೆಸರು ಯಾವುದಾದರೂ ಇದೆಯೇ? ಅವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿದ್ದೇವೆಯೇ?

4. ರಾತ್ರಿ ಜಪಸರದ ಕೊನೆಗೆ ಆ ಹೆಸರುಗಳನ್ನು ಒಂದೊಂದಾಗಿ ಓದಿ, ಪ್ರತಿಯೊಬ್ಬರಿಗಾಗಿ ಪ್ರಾರ್ಥಿಸಿ. ಮಕ್ಕಳೇ ಓದಲಿ.

ಕುಟುಂಬ ಪ್ರಾರ್ಥನೆ

ಓ ತಂದೆಯೇ, ನೀವು ನಮಗೆ ಕೊಟ್ಟ ಹಿರಿಯರಿಗಾಗಿ ನಿಮ್ಮನ್ನು ವಂದಿಸುತ್ತೇವೆ. ಬರದಲ್ಲಿ, ಬೇನೆಯಲ್ಲಿ, ಗುಳೆಯ ದಾರಿಯಲ್ಲಿ ತೀರಿದವರನ್ನು ನಾವು ಮರೆತಿದ್ದರೂ ನೀವು ಮರೆತಿಲ್ಲ. ಅವರಿಗೆ ನಿತ್ಯ ವಿಶ್ರಾಂತಿ ನೀಡಿರಿ. ಅವರು ನಮ್ಮ ಕೈಗೆ ಕೊಟ್ಟ ವಿಶ್ವಾಸವನ್ನು ನಮ್ಮ ಮಕ್ಕಳ ಕೈಗೆ ಕೊಡುವ ಕೃಪೆಯನ್ನು ನಮಗೆ ದಯಪಾಲಿಸಿರಿ. ನಮ್ಮ ಪ್ರಭು ಯೇಸುಕ್ರಿಸ್ತರ ಮುಖಾಂತರ ಬೇಡುತ್ತೇವೆ. ಆಮೆನ್.